ಸಹಿಯಿಲ್ಲದ ಚೀಟಿ

ನಿವೃತ್ತಿಯಾದ ವರ್ಷ ನನ್ನನ್ನು ಕಾಡಿದ್ದು ಭಾನುವಾರಗಳು. ವಾರದ ಉಳಿದ ದಿನಗಳು ಬ್ಯಾಂಕು, ಮಾರ್ಕೆಟ್ಟು, ಯಾರದೋ ಮನೆಯ ಗೃಹಪ್ರವೇಶ ಎಂದು ಹೇಗೋ ಸರಿಯುತ್ತಿದ್ದವು. ಭಾನುವಾರ ಮಾತ್ರ ಊಟ ಮುಗಿದ ಮೇಲೆ ಹೊತ್ತು ಕದಲುತ್ತಲೇ ಇರಲಿಲ್ಲ. ಮೊದಲೆಲ್ಲ ಆ ಹೊತ್ತಿಗೆ ಸೋಮವಾರದ ಪಾಠಕ್ಕೆ ಟಿಪ್ಪಣಿ ಮಾಡಿಕೊಳ್ಳುತ್ತಿದ್ದೆ. ಈಗ ಸೋಮವಾರಕ್ಕೆ ಪಾಠವೇ ಇರಲಿಲ್ಲ.

ನಾನು ಮೂಡಿಗೆರೆಯಲ್ಲಿ ಕಾಲೇಜು ಮಕ್ಕಳಿಗೆ ಇತಿಹಾಸ ಹೇಳುತ್ತಿದ್ದವಳು. ಮದುವೆಯಾಗಲಿಲ್ಲ. ಅಕ್ಕನ ಗಂಡ ಕಳಸದಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದರು. ಅವರು ತೀರಿಕೊಂಡ ಮೇಲೆ ಅಕ್ಕ ಅಂಗಡಿಯನ್ನು ಬೇರೆಯವರಿಗೆ ವಹಿಸಿ ನನ್ನ ಜೊತೆ ಇರಲು ಬಂದಳು. ಬಸ್ ಸ್ಟ್ಯಾಂಡಿನ ಹಿಂದಿನ ದಿಬ್ಬದ ಮೇಲಿನ ಮನೆಯಲ್ಲಿ ಇಬ್ಬರೇ ಇರುತ್ತಿದ್ದೆವು.

ಪ್ರತಿ ವರ್ಷ ನಾನು ಹೇಳುತ್ತಿದ್ದ ಪಾಠಗಳಲ್ಲಿ ಫ್ರಾನ್ಸಿನ ಕ್ರಾಂತಿಯೂ ಒಂದು. ಅದರಲ್ಲಿ ಅರ್ಧ ಪ್ಯಾರಾದಷ್ಟು ಒಂದು ಸಂಗತಿ ಬರುತ್ತಿತ್ತು. ಕ್ರಾಂತಿಗೆ ಮುಂಚೆ ಪ್ಯಾರಿಸ್ಸಿನ ಕೆಲವು ಹೆಂಗಸರು ವಾರದಲ್ಲಿ ಒಂದು ದಿನ ತಮ್ಮ ಮನೆಯ ಹಜಾರವನ್ನು ಓದುವವರಿಗೆ, ಬರೆಯುವವರಿಗೆ ತೆರೆದಿಡುತ್ತಿದ್ದರು. ಅಲ್ಲಿ ದೊಡ್ಡ ಮನೆತನದವನೂ ಗಡಿಯಾರ ರಿಪೇರಿಯವನ ಮಗನೂ ಎದುರುಬದುರು ಕೂತು ವಾದ ಮಾಡಬಹುದಿತ್ತು. ಅದಕ್ಕೆ ಸಲೋನ್ ಎಂದು ಹೆಸರು. ನಾನು ಹಾಗೆ ಹೇಳಿದ ಕೂಡಲೇ ಹಿಂದಿನ ಬೆಂಚಿನಿಂದ ಯಾರಾದರೊಬ್ಬರು ತಪ್ಪದೆ ಕೇಳುತ್ತಿದ್ದರು, ‘ಮೇಡಂ, ಸಲೂನ್ ಅಂದ್ರೆ ಕಟಿಂಗ್ ಶಾಪ್ ಅಲ್ವಾ?’ ಇಡೀ ಕ್ಲಾಸು ನಗುತ್ತಿತ್ತು. ನಾನೂ ನಗುತ್ತಿದ್ದೆ. ಆದರೆ ಆ ಅರ್ಧ ಪ್ಯಾರಾ ನನಗೆ ಎಲ್ಲ ರಾಜರ ಕಥೆಗಳಿಗಿಂತ ಪ್ರಿಯವಾಗಿತ್ತು. ಒಬ್ಬ ಹೆಂಗಸು, ಒಂದು ಹಜಾರ, ಒಂದಿಷ್ಟು ಕುರ್ಚಿ, ಅಷ್ಟೇ ಸಾಕಾಗಿತ್ತಲ್ಲ ಅನಿಸುತ್ತಿತ್ತು.

ಹಾಗೆ ಒಂದು ಭಾನುವಾರ ಅಕ್ಕನಿಗೆ ಹೇಳಿದೆ, ‘ನಮ್ಮನೇಲೂ ಅಂಥದ್ದೊಂದು ಮಾಡಿದ್ರೆ ಹೇಗೆ? ತಿಂಗಳಿಗೆ ಎರಡು ಸಲ. ಒಂದು ಪುಸ್ತಕ ಓದಿ ಮಾತಾಡೋದು.’

ಅಕ್ಕ ಅಕ್ಕಿ ಆರಿಸುತ್ತಿದ್ದಳು. ‘ಪುಸ್ತಕ ಓದೋದು ಒಬ್ರೇ ಕೂತು ಮಾಡೋ ಕೆಲ್ಸ ಅಲ್ವೇನೆ? ಅದಕ್ಕೆ ಗುಂಪು ಯಾಕೆ?’

ನಾನು ಪ್ಯಾರಿಸ್ಸಿನ ಕಥೆ ಹೇಳಿದೆ. ಅವಳು ಪೂರ್ತಿ ಕೇಳಿದಳು.

‘ಕಲ್ಯಾಣದಲ್ಲಿ ಶರಣರು ಕೂತು ಮಾತಾಡಿದ್ದೂ ಇದೇ ಅಲ್ವಾ? ಅದಕ್ಕೆ ಪ್ಯಾರಿಸ್ಸಿನ ತನಕ ಯಾಕೆ ಹೋಗ್ತೀಯ ಮಾರಾಯ್ತಿ. ಮಾಡು. ಆದ್ರೆ ತಿಂಡಿ ಏನು ಅಂತ ಎರಡು ದಿನ ಮೊದ್ಲೇ ಹೇಳು.’

ಮೊದಲ ಸಲ ಬಂದವರು ನಾಲ್ಕು ಜನ. ಪೇಟೆಯಲ್ಲಿ ಬಟ್ಟೆ ಅಂಗಡಿ ನಡೆಸುವ ಹೆಂಗಸು, ನನಗೆ ಹಳೆಯ ಪರಿಚಯ. ಬಣಕಲ್ಲಿನಿಂದ ದಿನಾ ಬಸ್ಸಿನಲ್ಲಿ ಆಸ್ಪತ್ರೆಗೆ ಬರುವ ಒಬ್ಬ ನರ್ಸ್. ಬಸ್ಸಿನಲ್ಲಿ ಸದಾ ಕಾದಂಬರಿ ಹಿಡಿದಿರುತ್ತಾಳೆ ಎಂದೇ ಅವಳನ್ನು ಕರೆದಿದ್ದೆ. ಮೂರನೆಯವನು ನನ್ನ ಹಳೆಯ ವಿದ್ಯಾರ್ಥಿ. ಈಗ ನಲವತ್ತು ದಾಟಿದ್ದ. ಜಾವಳಿ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರಾಗಿದ್ದ. ಅಂದರೆ ಬೆಳಿಗ್ಗೆ ಕೆಲಸಗಾರರ ಹಾಜರಿ ಹಿಡಿಯುವುದು, ಯಾರಿಗೆ ಎಲ್ಲಿ ಕೆಲಸ ಎಂದು ಬರೆದಿಡುವುದು, ತೋಟದ ಲೆಕ್ಕಪತ್ರವನ್ನೆಲ್ಲ ನೋಡಿಕೊಳ್ಳುವುದು ಅವನ ಕೆಲಸ. ಕಾಲೇಜಿನ ದಿನಗಳಲ್ಲೇ ಅವನು ಲೈಬ್ರರಿಯ ಕಪಾಟು ಖಾಲಿ ಮಾಡಿದ ಹುಡುಗ.

ನಾಲ್ಕನೆಯವರು ಒಬ್ಬ ತೋಟದ ಸಾಹುಕಾರರು. ಎಪ್ಪತ್ತು ಸಮೀಪಿಸಿದವರು, ಹೆಂಡತಿಯನ್ನು ಕಳೆದುಕೊಂಡವರು, ಮನೆಯ ತುಂಬ ಪುಸ್ತಕ ಇಟ್ಟುಕೊಂಡವರು. ಪೇಟೆಯ ಲೈಬ್ರರಿಯಲ್ಲಿ ಸಿಕ್ಕಾಗ ನಾನೇ ಕರೆದಿದ್ದೆ. ಅವರು ಬರುತ್ತಾರೆಂದು ನನಗೇ ನಂಬಿಕೆ ಇರಲಿಲ್ಲ. ಅವರ ತೋಟ ಯಾವುದೆಂದು ಕೇಳಬೇಕು ಎಂದೂ ಹೊಳೆಯಲಿಲ್ಲ.

ರೈಟರು ಎಲ್ಲರಿಗಿಂತ ಮೊದಲೇ ಬಂದು ಬೆತ್ತದ ಕುರ್ಚಿಯಲ್ಲಿ ಕೂತು ಅಕ್ಕನ ಹತ್ತಿರ ಮಾತಾಡುತ್ತಿದ್ದ. ಹೊರಗೆ ಜೀಪು ನಿಂತ ಸದ್ದಿಗೆ ತಟ್ಟನೆ ಎದ್ದು ನಿಂತ. ಜೀಪಿನ ಸದ್ದಿನಲ್ಲೇ ಅವನಿಗೆ ಬಂದವರು ತನ್ನ ತೋಟದ ಮಾಲೀಕರೆಂದು ಗೊತ್ತಾಗಿತ್ತು. ಸಾಹುಕಾರರು ಒಳಗೆ ಬರುವಷ್ಟರಲ್ಲಿ ಅವನು ಕುರ್ಚಿ ಬಿಟ್ಟು ಬಾಗಿಲ ಪಕ್ಕ ಗೋಡೆಗೆ ಒತ್ತಿಕೊಂಡಿದ್ದ.

‘ಏನಯ್ಯ, ನೀನೂ ಬಂದಿದೀಯಾ?’ ಎಂದರು ಸಾಹುಕಾರರು. ದನಿಯಲ್ಲಿ ಸಿಟ್ಟಿರಲಿಲ್ಲ, ಬರೀ ಆಶ್ಚರ್ಯ.

‘ಇಲ್ಲ ಸಾವ್ಕಾರ್ರೆ, ಮೇಡಂ ಒಂದು ಪುಸ್ತಕ ಕೊಡ್ತೀನಿ ಅಂದಿದ್ರು. ತಗಂಡು ಹೋಗಾಣ ಅಂತ.’

ಸುಳ್ಳು. ನಾನು ಅವನ ತೋಳು ಹಿಡಿದು, ‘ಎಲ್ಲಿಗೂ ಹೋಗಲ್ಲ ನೀನು, ಕೂತ್ಕೋ’ ಎಂದೆ. ಅವನು ಕುರ್ಚಿಗೆ ಹೋಗಲಿಲ್ಲ. ಅಡುಗೆಮನೆ ಬಾಗಿಲ ಹತ್ತಿರ ಅಕ್ಕನ ಮರದ ಪೆಟ್ಟಿಗೆಯೊಂದಿತ್ತು. ಅದರ ತುದಿಯಲ್ಲಿ ಅರ್ಧ ಕೂತ. ಅದೇ ಅವನ ಜಾಗವಾಯಿತು.

ಆ ಕಾಲದ ನನ್ನ ಬಗ್ಗೆ ಈಗ ಯೋಚಿಸಿದರೆ ನಾಚಿಕೆಯಾಗುತ್ತದೆ. ಮೊದಲ ನಾಲ್ಕೈದು ಸಲ ನಾನು ಮಾಡಿದ್ದು ಪಾಠವೇ. ಲೇಖಕರ ಕಾಲ, ಆ ಕಾಲದ ಸಮಾಜ ಎಂದು ಅರ್ಧ ಗಂಟೆ ನಾನೇ ಮಾತಾಡುತ್ತಿದ್ದೆ. ಆಮೇಲೆ ಸಾಹುಕಾರರು ಮಾತಾಡುತ್ತಿದ್ದರು. ಅವರು ಚೆನ್ನಾಗಿಯೇ ಮಾತಾಡುತ್ತಿದ್ದರು, ಬಹಳ ಓದಿದವರು. ಬಟ್ಟೆ ಅಂಗಡಿಯಾಕೆ ಗಡಿಯಾರ ನೋಡುತ್ತಿದ್ದಳು. ನರ್ಸ್ ಆಗಾಗ ಒಂದೊಂದು ಮಾತು ಸೇರಿಸುತ್ತಿದ್ದಳು. ರೈಟರು ಬಾಯಿ ಬಿಡುತ್ತಿರಲಿಲ್ಲ. ಅಕ್ಕ ಕಾಫಿ ತಂದಾಗ ತನ್ನ ಲೋಟ ತೆಗೆದುಕೊಂಡು ಅವನು ಅಡುಗೆಮನೆಗೆ ಹೋಗಿ ಕುಡಿದು ಬರುತ್ತಿದ್ದ. ನಾನು ಅದನ್ನು ಸಂಕೋಚ ಅಂದುಕೊಂಡು ಸುಮ್ಮನಿದ್ದೆ. ಒಂದೇ ಕೋಣೆಯಲ್ಲಿ ಕೂತಿದ್ದಾರಲ್ಲ, ಅಷ್ಟಾದರೂ ಆಯಿತಲ್ಲ ಎಂದು ಒಳಗೊಳಗೇ ಹೆಮ್ಮೆ ಬೇರೆ.

ಒಂದು ಸಂಜೆ ಎಲ್ಲರೂ ಹೋದ ಮೇಲೆ ಲೋಟ ತೊಳೆಯುತ್ತ ಅಕ್ಕ ಹೇಳಿದಳು, ‘ಅಲ್ಲಿ ನೀವೆಲ್ಲ ಆಡೋ ಮಾತಿಗಿಂತ ಅಡುಗೆಮನೆ ಮಾತೇ ಚೆನ್ನಾಗಿರುತ್ತೆ.’

‘ಯಾರು ಮಾತಾಡ್ತಾರೆ ಅಡುಗೆಮನೇಲಿ?’

‘ನಿನ್ನ ಸ್ಟೂಡೆಂಟು. ಒಂದು ಲೋಟ ಕಾಫಿ ಮುಗಿಯೋದ್ರೊಳಗೆ ಇಡೀ ಪುಸ್ತಕದಲ್ಲಿ ಎಲ್ಲಿ ಜೀವ ಇದೆ, ಎಲ್ಲಿ ಬರೀ ಬಣ್ಣ ಹಚ್ಚಿದಾರೆ ಅಂತ ಹೇಳ್ತಾನೆ. ಇವತ್ತಿನ ಕಾದಂಬರಿಲಿ ಆ ತಾಯಿ ಪಾತ್ರ ಸುಳ್ಳು ಅಂದ. ಯಾಕೆ ಗೊತ್ತಾ? ಅವಳಿಗೆ ಒಂದಿನಾನೂ ಹಸಿವಾಗಲ್ವಂತೆ.’

ನಾನು ಆ ತಾಯಿಯನ್ನು ಹೊಗಳಿ ಹತ್ತು ನಿಮಿಷ ಮಾತಾಡಿದ್ದೆ.

ಅವನ ಮಾತು ಹಜಾರಕ್ಕೆ ಬರಬೇಕು ಎಂದು ನಾನು ಒಂದು ಉಪಾಯ ಮಾಡಿದೆ. ಉಪಾಯ ಹೊಳೆದಾಗ ಎಷ್ಟು ಖುಷಿಯಾಗಿದ್ದೆನೆಂದರೆ ಅದರ ಇನ್ನೊಂದು ಮಗ್ಗುಲನ್ನು ನೋಡಲೇ ಇಲ್ಲ. ಎಲ್ಲರೂ ಕಥೆಯ ಬಗ್ಗೆ ಒಂದು ಪ್ರಶ್ನೆಯನ್ನು ಚೀಟಿಯಲ್ಲಿ ಬರೆಯುವುದು. ಹೆಸರು ಬರೆಯುವಂತಿಲ್ಲ. ಚೀಟಿಗಳನ್ನು ಸ್ಟೀಲಿನ ಡಬ್ಬಿಗೆ ಹಾಕಿ ಕಲೆಸಿ, ಒಬ್ಬೊಬ್ಬರು ಒಂದೊಂದು ಎತ್ತಿ ಗಟ್ಟಿಯಾಗಿ ಓದುವುದು. ಯಾರು ಕೇಳಿದ್ದೆಂದು ಗೊತ್ತಾಗದಿದ್ದರೆ ಯಾರೂ ಹೆದರಬೇಕಿಲ್ಲವಲ್ಲ.

ಆ ಸಲದ ಓದಿಗೆ ಕಥೆ ಆರಿಸಿದ್ದು ಸಾಹುಕಾರರು. ತಮ್ಮ ಕಪಾಟಿನ ಹಳೆಯ ಸಂಕಲನದಿಂದ ಅದನ್ನು ಜೆರಾಕ್ಸ್ ಮಾಡಿಸಿ ಎಲ್ಲರಿಗೂ ಕೊಟ್ಟಿದ್ದರು. ದೊಡ್ಡ ಮನೆತನದ ಯಜಮಾನ ಮತ್ತು ಅವನ ಜೊತೆ ನಲವತ್ತು ವರ್ಷ ದುಡಿದ ಆಳಿನ ಕಥೆ. ಕೊನೆಗೆ ಆಳು ಸಾಯುತ್ತಾನೆ, ಯಜಮಾನ ಅವನ ಕಂಬಳಿಯನ್ನು ಎದೆಗವಚಿಕೊಂಡು ಅಳುತ್ತಾನೆ. ನರ್ಸ್ ಕೊನೆಯ ಪುಟವನ್ನು ಗಟ್ಟಿಯಾಗಿ ಓದಿದಾಗ ಸಾಹುಕಾರರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ‘ಇಂಥ ಸಂಬಂಧ ಈಗ ಎಲ್ಲಿದೆ ಹೇಳಿ’ ಎಂದರು.

ಡಬ್ಬಿ ತಿರುಗಿತು. ಬಟ್ಟೆ ಅಂಗಡಿಯಾಕೆಗೆ ಬಂದ ಪ್ರಶ್ನೆಗೆ ಏನೋ ತಮಾಷೆಯ ಉತ್ತರ ಕೊಟ್ಟಳು. ಆಮೇಲೆ ಸಾಹುಕಾರರು ಕೈ ಹಾಕಿ ಒಂದು ಚೀಟಿ ಎತ್ತಿದರು. ಬಿಡಿಸಿ, ದೂರ ಹಿಡಿದು, ಓದಿದರು:

‘ಕಥೆಯ ಕೊನೆಯಲ್ಲಿ ಯಜಮಾನ ಅಳುತ್ತಾನೆ. ಆದರೆ ಇಡೀ ಕಥೆಯಲ್ಲಿ ಆಳಿನ ಹೆಸರು ಒಂದು ಸಲವೂ ಬರುವುದಿಲ್ಲ. ಬರೆದವರು ಮರೆತರೋ, ಯಜಮಾನನಿಗೇ ಗೊತ್ತಿರಲಿಲ್ಲವೋ?’

ನಾನು ಆ ಕಥೆಯನ್ನು ಸಿದ್ಧತೆಗೆಂದು ಮೂರು ಸಲ ಓದಿದ್ದೆ. ನನ್ನ ಕಣ್ಣಿಗೂ ಅದು ಬಿದ್ದಿರಲಿಲ್ಲ. ಗಡಿಬಿಡಿಯಲ್ಲಿ ಜೆರಾಕ್ಸ್ ಹಾಳೆ ತಿರುವಿದೆ. ನಿಜ. ‘ಆಳು’, ‘ಅವನು’, ‘ಪಾಪದವನು’, ಇಷ್ಟೇ.

ಸಾಹುಕಾರರು ಇನ್ನೂ ಚೀಟಿಯನ್ನೇ ನೋಡುತ್ತಿದ್ದರು. ಓದುತ್ತಿರಲಿಲ್ಲ, ನೋಡುತ್ತಿದ್ದರು. ಆಮೇಲೆ ಅದನ್ನು ಎರಡು ಮಡಿಕೆ ಮಾಡಿ ಅಂಗಿಯ ಜೇಬಿಗೆ ಹಾಕಿಕೊಂಡರು.

‘ಒಳ್ಳೆ ಪ್ರಶ್ನೆ. ನಂಗೆ ಉತ್ತರ ಗೊತ್ತಿಲ್ಲ’ ಎಂದು ಎದ್ದರು. ಕಾಫಿಗೂ ನಿಲ್ಲಲಿಲ್ಲ.

ಪೆಟ್ಟಿಗೆಯ ಮೇಲೆ ಕೂತಿದ್ದ ರೈಟರ ಮುಖ ಬಿಳಿಚಿಕೊಂಡಿತ್ತು.

ಬುಧವಾರ ಅವನ ಫೋನ್ ಬಂತು. ‘ಮೇಡಂ, ನಾನಿನ್ನು ಬರಲ್ಲ. ಬೇಜಾರು ಮಾಡ್ಕಬೇಡಿ.’

‘ಯಾಕೋ ಮಾರಾಯ? ಚೀಟಿ ನಿಂದು ಅಂತ ಯಾರಿಗೆ ಗೊತ್ತು?’

‘ಸಾವ್ಕಾರ್ರಿಗೆ ಗೊತ್ತಲ್ಲ ಮೇಡಂ. ಹದಿನೆಂಟು ವರ್ಷದಿಂದ ದಿನಾ ಬೆಳಿಗ್ಗೆ ಹಾಜರಿ ಪುಸ್ತಕದಲ್ಲಿ ನನ್ನ ಅಕ್ಷರ ನೋಡ್ತಾರೆ. ಬರೀವಾಗ ಅದು ನಂಗೆ ಹೊಳೀಲೇ ಇಲ್ಲ. ಪ್ರಶ್ನೆ ಮನಸ್ಸಲ್ಲಿತ್ತು, ಬರ್ದುಬಿಟ್ಟೆ.’

ನನಗೂ ಹೊಳೆದಿರಲಿಲ್ಲ. ಹೊಳೆಯಬೇಕಾಗಿದ್ದದ್ದು ನನಗೆ.

‘ಏನಾದ್ರೂ ಅಂದ್ರಾ ಅವ್ರು?’

‘ಏನೂ ಅಂದಿಲ್ಲ. ಅದೇ ಹೆದ್ರಿಕೆ. ಸೋಮವಾರ ಬೆಳಿಗ್ಗೆ ಬಂದು, ಅಟ್ಟದ ಮೇಲಿರೋ ಹಳೇ ಹಾಜರಿ ಪುಸ್ತಕ ಎಲ್ಲ ಇಳಿಸಿ ಬಂಗ್ಲೆಗೆ ಕಳ್ಸು ಅಂದ್ರು. ಇಷ್ಟು ವರ್ಷದಲ್ಲಿ ಒಂದಿನ ಕೇಳಿದ್ದಿಲ್ಲ. ನನ್ನ ತಪ್ಪು ಹುಡುಕ್ತಿದಾರೆ ಅನ್ಸುತ್ತೆ. ಕೆಲ್ಸ ಹೋದ್ರೆ ಕ್ವಾರ್ಟರ್ಸೂ ಹೋಗುತ್ತೆ. ಮಗಳು ಸೆಕೆಂಡ್ ಪಿಯುಸಿ, ಪರೀಕ್ಷೆ ಹತ್ರ ಬಂತು.’

ಫೋನ್ ಇಟ್ಟೆ. ಸರ್ಕಾರದ ಪಿಂಚಣಿ ತೆಗೆದುಕೊಳ್ಳುವವಳಿಗೆ ಒಂದು ಚೀಟಿ ಅಂದರೆ ಆಟ. ಮಾಲೀಕನ ತೋಟದಲ್ಲೇ ಉಳಿದುಕೊಂಡವನಿಗೆ ಅದು ಆಟವಲ್ಲ. ಇಷ್ಟು ವರ್ಷ ಇತಿಹಾಸ ಹೇಳಿದವಳಿಗೆ ಇಷ್ಟೂ ತಿಳಿಯದೆ ಹೋಯಿತಲ್ಲ.

ಅಕ್ಕ ಎಲ್ಲ ಕೇಳಿಸಿಕೊಂಡಿದ್ದಳು. ಬೈಯಲಿಲ್ಲ. ‘ನಾಳೆ ಬೆಳಿಗ್ಗೆ ಬಸ್ಸಿಗೆ ಹೋಗು. ಸಾವ್ಕಾರ್ರ ಹತ್ರ ನೀನೇ ಮಾತಾಡು. ತಪ್ಪಾಗಿದ್ರೆ ನಂದು ಅಂತ ಹೇಳು’ ಎಂದಳು.

ಗುರುವಾರ ಜಾವಳಿ ಕಡೆಯ ಬಸ್ಸಿನಲ್ಲಿ ಹೋಗಿ ತೋಟದ ಗೇಟಿನಲ್ಲಿ ಇಳಿದೆ. ಕಾಫಿ ಕೊಯ್ಲು ಮುಗಿಯುತ್ತ ಬಂದ ದಿನಗಳು. ಕಣದ ತುಂಬ ಸಿಪ್ಪೆ ಸುಲಿದು ತೊಳೆದ ಪಾರ್ಚ್‌ಮೆಂಟ್ ಕಾಫಿ ಹರಡಿತ್ತು, ಇಬ್ಬರು ಹೆಂಗಸರು ಅದನ್ನು ಕೆದಕುತ್ತಿದ್ದರು. ಕಣದ ಆಚೆ ಆಫೀಸಿನ ಕಿಟಕಿಯಲ್ಲಿ ರೈಟರು ನನ್ನನ್ನು ನೋಡಿದ. ಹೊರಗೆ ಬರಲಿಲ್ಲ.

ಸಾಹುಕಾರರು ಜಗುಲಿಯಲ್ಲಿದ್ದರು. ಮೇಜಿನ ಮೇಲೆ, ನೆಲದ ಮೇಲೆ, ಸುತ್ತಲೂ ಹಳೆಯ ಹಾಜರಿ ಪುಸ್ತಕಗಳು. ಕೆಲವಕ್ಕೆ ಗೆದ್ದಲು ಹಿಡಿದಿತ್ತು. ಅವರ ಕೈಯಲ್ಲಿ ಭೂತಗನ್ನಡಿ ಇತ್ತು. ನನ್ನನ್ನು ನೋಡಿ ಎದ್ದು ಕುರ್ಚಿ ಎಳೆದರು.

ನಾನು ಕೂರುವ ಮೊದಲೇ ಶುರು ಮಾಡಿದೆ. ‘ಸಾಹುಕಾರ್ರೆ, ಆ ಚೀಟಿ ಆಟ ನಂದು. ಬರೆದವರದ್ದು ತಪ್ಪಿಲ್ಲ. ಕೋಪ ಇದ್ರೆ ನನ್ನ ಮೇಲೆ ಮಾಡ್ಕೊಳ್ಳಿ.’

‘ಕೋಪ ಯಾಕೆ ಮೇಡಂ?’

‘ಮತ್ತೆ ಈ ಪುಸ್ತಕ ಎಲ್ಲ ಯಾಕೆ ಇಳಿಸಿದ್ದೀರಿ?’

ಅವರು ಭೂತಗನ್ನಡಿ ಮೇಜಿನ ಮೇಲಿಟ್ಟರು. ಆಮೇಲೆ ನಿಧಾನವಾಗಿ ಹೇಳಿದರು, ‘ನಾನು ಚಿಕ್ಕವನಿದ್ದಾಗ ನಮ್ಮನೇಲಿ ಒಬ್ಬ ಇದ್ದ. ನನ್ನನ್ನ ಹೆಗಲ ಮೇಲೆ ಕೂರಿಸ್ಕೊಂಡು ಹಳ್ಳ ದಾಟಿಸಿ ಸ್ಕೂಲಿಗೆ ಬಿಡ್ತಿದ್ದ. ಜ್ವರ ಬಂದಾಗ ಅಮ್ಮನಿಗಿಂತ ಜಾಸ್ತಿ ಹೊತ್ತು ನನ್ನ ಹತ್ರ ಕೂತಿರ್ತಿದ್ದ. ನಾವೆಲ್ಲ ಅವನನ್ನ ಮುದ್ಕ ಅಂತ್ಲೇ ಕರೀತಿದ್ವಿ. ಈಗ ಯೋಚ್ನೆ ಮಾಡಿದ್ರೆ ಅವನಿಗೆ ಆಗ ಐವತ್ತೂ ಆಗಿರ್ಲಿಕ್ಕಿಲ್ಲ. ಚೀಟಿ ಓದ್ದಾಗ ನೆನಪು ಮಾಡ್ಕೊಳ್ಳೋಕೆ ನೋಡ್ದೆ. ಹೆಸ್ರು ಬರ್ಲಿಲ್ಲ. ಮರ್ತಿದ್ದಲ್ಲ ಮೇಡಂ, ನಂಗೆ ಯಾವತ್ತೂ ಗೊತ್ತೇ ಇರ್ಲಿಲ್ಲ.’

ಮೇಜಿನ ಮೇಲೆ ತೆರೆದಿದ್ದ ಪುಸ್ತಕವನ್ನು ನನ್ನ ಕಡೆ ತಿರುಗಿಸಿದರು. ಅವರ ತಂದೆಯ ಕಾಲದ್ದು. ಕೆಲಸಗಾರರ ಹೆಸರುಗಳ ಸಾಲಿನ ಕೊನೆಗೆ, ಮಾಸಿದ ನೀಲಿ ಶಾಯಿಯಲ್ಲಿ ‘ಮನೆ ಆಳು’ ಎಂದಿತ್ತು. ಪುಟ ತಿರುಗಿಸಿದರು. ಅಲ್ಲೂ ‘ಮನೆ ಆಳು’. ‘ಮೂರು ದಿನದಿಂದ ನೋಡ್ತಿದೀನಿ. ಒಂದು ಪುಸ್ತಕದಲ್ಲೂ ಹೆಸ್ರು ಬರ್ದಿಲ್ಲ.’

ನನಗೆ ಸಮಾಧಾನವೂ ಆಯಿತು, ಜೊತೆಗೆ ಸಿಟ್ಟೂ ಬಂತು. ‘ಇದನ್ನ ನಿಮ್ಮ ರೈಟರಿಗೆ ಹೇಳಿದೀರಾ?’

‘ಇಲ್ಲ. ಯಾಕೆ?’

‘ಅವನು ಮೂರು ದಿನದಿಂದ ನಿದ್ದೆ ಮಾಡಿಲ್ಲ. ನೀವು ಅವನ ತಪ್ಪು ಹುಡುಕ್ತಿದೀರಿ, ಕೆಲಸದಿಂದ ತೆಗೀತೀರಿ ಅಂತ ಹೆದರಿದಾನೆ.’

ಸಾಹುಕಾರರ ಕೈ ಭೂತಗನ್ನಡಿಯ ಮೇಲೆ ಹಾಗೇ ನಿಂತಿತು. ಅವರಿಗೆ ಇದು ಹೊಳೆದೇ ಇರಲಿಲ್ಲ ಎಂದು ಮುಖ ನೋಡಿದರೆ ಗೊತ್ತಾಗುತ್ತಿತ್ತು. ‘ಛೇ’ ಎಂದರು. ಕಣದ ಹೆಂಗಸರಿಗೆ ಕೂಗಿ ರೈಟರನ್ನು ಕರೆಯಲು ಹೇಳಿದರು.

ಅವನು ಬಂದು ಜಗುಲಿಯ ಮೆಟ್ಟಿಲ ಕೆಳಗೆ ನಿಂತ.

‘ಮೇಲೆ ಬಾರಯ್ಯ. ಕೂತ್ಕೋ.’

‘ಇರ್ಲಿ ಸಾವ್ಕಾರ್ರೆ.’ ಮೇಲೆ ಬಂದ, ಕೂರಲಿಲ್ಲ.

ಸಾಹುಕಾರರು ಇನ್ನೊಮ್ಮೆ ಹೇಳಲಿಲ್ಲ. ಮೇಜಿಗೆ ಕೈಯೂರಿ ತಾವೇ ಎದ್ದು ನಿಂತರು. ಅವರಿಗೆ ಮಂಡಿನೋವು, ನಿಲ್ಲುವುದು ಕಷ್ಟ. ಇಬ್ಬರೂ ನಿಂತೇ ಮಾತಾಡಿದರು, ನಡುವೆ ಕುರ್ಚಿಯಲ್ಲಿ ಕೂತಿದ್ದವಳು ನಾನೊಬ್ಬಳೇ. ಸಾಹುಕಾರರು ನನಗೆ ಹೇಳಿದ್ದನ್ನೇ ಮತ್ತೆ ಹೇಳಿದರು. ಆದರೆ ಈ ಸಲ ಮಾತು ತಡವರಿಸುತ್ತಿತ್ತು. ಕೊನೆಗೆ, ‘ನಿನ್ನ ಪ್ರಶ್ನೆ ಸರಿಯಾಗೇ ಇತ್ತು. ಉತ್ತರ ಹುಡುಕ್ತಿದ್ದೆ, ಅಷ್ಟೇ. ನಿಂಗೆ ಹೇಳ್ಬೇಕಿತ್ತು’ ಎಂದರು.

ರೈಟರು ತಲೆ ತಗ್ಗಿಸಿದ್ದ. ‘ಪುಸ್ತಕದಲ್ಲಿ ಹುಡುಕಿದ್ರೆ ಸಿಗಲ್ಲ ಸಾವ್ಕಾರ್ರೆ. ಆ ಹೆಸ್ರು ನಂಗೆ ಗೊತ್ತು’ ಎಂದ.

‘ನಿಂಗೆ ಹೇಗೆ ಗೊತ್ತು?’

‘ಲೈನಲ್ಲಿ ಕೊನೆ ಮನೆ ಅಜ್ಜಿ, ಹಣ್ಣು ಕುಯ್ಯಕ್ಕೆ ಈಗ್ಲೂ ಬರ್ತಾಳಲ್ಲ. ಅವಳಪ್ಪ ಅದು. ಸಂಜೆ ಹೊತ್ತು ಅವಳು ನಮ್ಮನೆ ಜಗುಲಿಲಿ ಕೂತು ಹಳೇ ಕಥೆ ಎಲ್ಲ ಹೇಳ್ತಾಳೆ.’

ಲೈನು ಎಂದರೆ ತೋಟದ ಕೆಲಸಗಾರರ ಸಾಲುಮನೆಗಳು. ಜಗುಲಿಯಿಂದ ನೋಡಿದರೆ ಹಂಚು ಕಾಣುತ್ತಿತ್ತು. ರೈಟರು ಹೆಸರು ಹೇಳಿದ. ಆ ಅಜ್ಜಿಯನ್ನು ಕೇಳದೆ ಅದನ್ನು ನಾನಿಲ್ಲಿ ಬರೆಯಲಾರೆ. ಸಾಹುಕಾರರು ಆ ಹೆಸರನ್ನು ಒಂದು ಸಲ ತಾವೂ ಹೇಳಿ ನೋಡಿದರು. ಆಮೇಲೆ ಕೂತರು. ‘ಆ ಅಜ್ಜಿ ಅವನ ಮಗಳಾ? ದಿನಾ ನಂಗೆ ಕೈ ಮುಗೀತಾಳಲ್ಲಯ್ಯ’ ಎಂದರು.

ಮುಂದಿನದು ನಾನು ಕಣ್ಣಾರೆ ನೋಡಿದ್ದಲ್ಲ, ರೈಟರು ಹೇಳಿದ್ದು. ಎರಡು ದಿನ ಬಿಟ್ಟು ಸಾಹುಕಾರರು ಲೈನಿನ ಕೊನೆಯ ಮನೆಗೆ ಹೋದರಂತೆ. ಅಜ್ಜಿಯ ಹತ್ತಿರ ಅವಳಪ್ಪನ ವಿಷಯ ಎತ್ತಿದರಂತೆ. ಅವಳು ಅಳುತ್ತಾಳೆ ಅಂದುಕೊಂಡಿದ್ದರೋ ಏನೋ. ಅವಳು, ‘ಅಪ್ಪ ಸತ್ತು ಎಷ್ಟು ಕಾಲ ಆಯ್ತು ಸಾವ್ಕಾರ್ರೆ. ಈಗ ಯಾಕೆ ಅದು?’ ಎಂದು ಕೇಳಿದಳಂತೆ. ಅವಳೇ ಮುಂದುವರಿಸಿ, ‘ಬಂದಿದ್ದು ಒಳ್ಳೇದಾಯ್ತು. ಒಲೆ ಮೇಲಿನ ಹಂಚು ಎರಡು ವರ್ಷದಿಂದ ಒಡೆದಿದೆ, ಒಂದ್ಸಲ ನೋಡಿ’ ಎಂದಳಂತೆ. ಸಾಹುಕಾರರು ಬಗ್ಗಿ ಒಳಗೆ ಹೋಗಿ ನೋಡಿದರಂತೆ. ಆ ವಾರವೇ ಹಂಚು ಹಾಕಿಸಿದರು, ಅವಳ ಮನೆಗೆ ಮಾತ್ರವಲ್ಲ, ಇಡೀ ಸಾಲಿಗೆ.

ಇದನ್ನು ಹೇಳುವಾಗ ರೈಟರು ನಗುತ್ತಿದ್ದ. ನಾನು ಮಾತ್ರ ನಗಲಿಲ್ಲ. ನಾನೂ ಅಂಥದ್ದೇ ಒಂದು ಕಣ್ಣೀರಿನ ಕೊನೆಯನ್ನು ಮನಸ್ಸಿನಲ್ಲಿ ಬರೆದಿಟ್ಟುಕೊಂಡಿದ್ದೆ.

ಅದರ ಮುಂದಿನ ಭಾನುವಾರ ಇಬ್ಬರೂ ಬಂದರು. ಒಟ್ಟಿಗಲ್ಲ. ಸಾಹುಕಾರರು ಜೀಪಿನಲ್ಲಿ, ಅವನು ತನ್ನ ಬೈಕಿನಲ್ಲಿ. ಚೀಟಿಯ ಡಬ್ಬಿಯನ್ನು ಅಕ್ಕ ಸಾಸಿವೆ ತುಂಬಲು ಎತ್ತಿಕೊಂಡಿದ್ದಳು. ನಾನು ನನ್ನ ಅರ್ಧ ಗಂಟೆಯ ಭಾಷಣವನ್ನು ನಿಲ್ಲಿಸಿದೆ. ಸುಮ್ಮನಿರುವುದು ನನಗೆ ಸುಲಭವಾಗಲಿಲ್ಲ. ನಾಲಿಗೆಯ ತುದಿಗೆ ಬಂದ ಮಾತನ್ನು ನುಂಗಿ ನುಂಗಿ ಮೊದಲ ದಿನ ತಲೆನೋವೇ ಬಂತು. ಆದರೆ ನಾನು ಸುಮ್ಮನಾದ ಮೇಲೆ ಆ ಖಾಲಿ ಜಾಗಕ್ಕೆ ಮೊದಲು ನರ್ಸಿನ ಮಾತು ಬಂತು. ಆಸ್ಪತ್ರೆಯಲ್ಲಿ ನೋಡಿದ ಸಾವುಗಳಿಗೂ ಪುಸ್ತಕದ ಸಾವುಗಳಿಗೂ ಇರುವ ವ್ಯತ್ಯಾಸವನ್ನು ಅವಳು ಹೇಳಿದ ದಿನ ಅಕ್ಕ ಸೌಟು ಹಿಡಿದುಕೊಂಡೇ ಬಾಗಿಲಲ್ಲಿ ನಿಂತು ಕೇಳಿದಳು. ಬಟ್ಟೆ ಅಂಗಡಿಯಾಕೆ ಮಾತ್ರ ಬಿಟ್ಟುಹೋದಳು. ‘ನಿಮ್ಮದೆಲ್ಲ ಬಹಳ ಭಾರ ಆಯ್ತು. ನಂಗೆ ಮದುವೆಯಲ್ಲಿ ಮುಗಿಯೋ ಕಥೆ ಬೇಕು’ ಎಂದಳು. ಅವಳ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಈಗಲೂ ಅಂಗಡಿಗೆ ಹೋದರೆ ಕೂರಿಸಿ ಕಾಫಿ ತರಿಸುತ್ತಾಳೆ.

ರೈಟರು ಬಾಯಿ ಬಿಡಲು ಇನ್ನೂ ಎರಡು ತಿಂಗಳು ಬೇಕಾಯಿತು. ಒಂದು ಕಾದಂಬರಿಯ ಬಗ್ಗೆ ಸಾಹುಕಾರರು, ಅದರ ನಾಯಕ ಹೇಡಿ, ಊರು ಬಿಟ್ಟು ಓಡಿಹೋದ ಎಂದರು. ಪೆಟ್ಟಿಗೆಯ ಮೇಲಿನಿಂದ ದನಿ ಬಂತು. ‘ಓಡಿ ಹೋಗಿಲ್ಲ ಸಾವ್ಕಾರ್ರೆ. ಓಡ್ಸಿದ್ರು.’

‘ಎಲ್ಲಿದೆಯಯ್ಯ ಹಾಗಂತ? ನಾನು ಎರಡು ಸಲ ಓದಿದೀನಿ.’

‘ಮೂರನೇ ಅಧ್ಯಾಯ ನೋಡಿ. ಬಾವಿ ನೀರು ಕೊಡದೆ ಇದ್ದಿದ್ದು ಯಾರು? ನೀರು ಕೊಡ್ದೆ ಇದ್ರೆ ಮನುಷ್ಯ ಇರದು ಹೆಂಗೆ?’

‘ಅದು ಬೇರೆ ವಿಷಯ ಕಣಯ್ಯ!’ ಸಾಹುಕಾರರ ದನಿ ಏರಿತು. ನಿಜವಾದ ಸಿಟ್ಟೇ. ಆದರೆ ರೈಟರು ಎದ್ದುಬಂದು, ಪುಸ್ತಕ ತೆರೆದು, ಆ ಪುಟವನ್ನು ಅವರ ಮುಂದೆ ಹಿಡಿದು ಪಕ್ಕದ ಕುರ್ಚಿಯಲ್ಲಿ ಕೂತ. ಕೂತಿದ್ದು ಅವನ ಗಮನಕ್ಕೇ ಬಂದಿರಲಿಲ್ಲ. ಸಾಹುಕಾರರು ಓದಿದರು, ಒಪ್ಪಲಿಲ್ಲ. ಅವನೂ ಬಿಡಲಿಲ್ಲ. ಆ ಸಂಜೆ ವಾದ ಮುಗಿಯಲೇ ಇಲ್ಲ. ಹೊರಡುವಾಗಲೂ ಸಾಹುಕಾರರು ಜೀಪಿನ ಬಾಗಿಲು ಹಿಡಿದು ನಿಂತು ಅವನಿಗೆ ಏನೋ ಹೇಳುತ್ತಿದ್ದರು.

ತೋಟದಲ್ಲಿ ಏನಾದರೂ ಬದಲಾಯಿತೇ ಎಂದು ಒಮ್ಮೆ ಅವನನ್ನು ಕೇಳಿದೆ. ‘ಬೆಳಿಗ್ಗೆ ಹಾಜರಿ ಹೊತ್ತಲ್ಲಿ ನಿಂತ್ಕಂಡೇ ಇರ್ತೀನಿ ಮೇಡಂ. ಅಲ್ಲಿ ಅವ್ರು ಸಾವ್ಕಾರ್ರು, ನಾನು ರೈಟರು. ಅದನ್ನ ಬದ್ಲಾಯ್ಸಕ್ಕೆ ಒಂದು ಕಾದಂಬರಿ ಸಾಲಲ್ಲ’ ಎಂದ. ‘ಆದ್ರೆ ಈಗ ಏನಾದ್ರೂ ಬೇಕಾದ್ರೆ ಯಾಕೆ ಅಂತ ಹೇಳಿ ಕೇಳ್ತಾರೆ’ ಎಂದು ಸೇರಿಸಿದ.

ಕಳೆದ ವರ್ಷ ಸಾಹುಕಾರರಿಗೆ ಮಂಡಿಯ ಆಪರೇಷನ್ ಆಯಿತು. ಮೂಡಿಗೆರೆಗೆ ಬರಲಾಗುತ್ತಿರಲಿಲ್ಲ. ಆ ತಿಂಗಳು ನಿಲ್ಲಿಸೋಣ ಎಂದು ನಾನು ಅಂದಾಗ ರೈಟರ ಹೆಂಡತಿ ಫೋನ್ ಮಾಡಿದಳು. ನಾನು ಅವಳ ಜೊತೆ ಅದಕ್ಕೆ ಮೊದಲು ಮಾತಾಡಿದವಳೇ ಅಲ್ಲ. ‘ನಮ್ಮನೇಲಿ ಮಾಡಿ ಮೇಡಂ. ಬಂಗ್ಲೆಯಿಂದ ಸಾವ್ಕಾರ್ರಿಗೂ ಹತ್ರ. ಇವ್ರು ನಿಮ್ಮನೆ ಅಕ್ಕನ ತಿಂಡಿ ಹೊಗಳೋದು ಕೇಳಿ ಕೇಳಿ ಸಾಕಾಗಿದೆ. ನಮ್ಮನೇದೂ ಒಂದ್ಸಲ ತಿನ್ನಿ.’

ಹಾಗೆ ಅಕ್ಕ, ನಾನು, ನರ್ಸ್ ಬಸ್ಸಿನಲ್ಲಿ ಜಾವಳಿಗೆ ಹೋದೆವು. ಕ್ವಾರ್ಟರ್ಸು ಎಂದರೆ ಎರಡು ಕೋಣೆ, ಒಂದು ಪುಟ್ಟ ಜಗುಲಿ. ಒಂದು ಕೋಣೆಯ ಗೋಡೆಯುದ್ದಕ್ಕೂ ಕಾಫಿ ಗಿಡದ ಗಟ್ಟಿ ಕೊಂಬೆಗಳ ಮೇಲೆ ಹಲಗೆ ಜೋಡಿಸಿ ಪುಸ್ತಕ ಇಟ್ಟಿದ್ದ. ಸಾಹುಕಾರರು ವಾಕರ್ ಹಿಡಿದು ನಿಧಾನಕ್ಕೆ ನಡೆದುಕೊಂಡು ಬಂದರು. ಬಾಗಿಲಲ್ಲಿ ಒಂದು ಕ್ಷಣ ನಿಂತು ಆ ಗೋಡೆಯನ್ನು ನೋಡಿದರು. ರೈಟರು ತೋಟಕ್ಕೆ ಸೇರಿ ಹದಿನೆಂಟು ವರ್ಷ ಕಳೆದು ಹತ್ತೊಂಬತ್ತಕ್ಕೆ ಬಿದ್ದಿತ್ತು. ಈ ಮನೆಯ ಒಳಗೆ ಅವರು ಬರುತ್ತಿರುವುದು ಇದೇ ಮೊದಲು. ರೈಟರ ಹೆಂಡತಿ ಅವರಿಗೆ ಎತ್ತರದ ಕುರ್ಚಿ ಹಾಕಿ, ಕಾಲಿಡಲು ಮಣೆ ಇಟ್ಟಳು. ಉಳಿದವರೆಲ್ಲ ಚಾಪೆಯ ಮೇಲೆ.

ಕಡುಬು, ಕಾಯಿಚಟ್ನಿ ಬಂತು. ಅಕ್ಕ ಎರಡನೇ ಸಲ ಹಾಕಿಸಿಕೊಂಡು, ‘ಅಕ್ಕಿ ತರಿ ಎಷ್ಟು ಹದಕ್ಕೆ ಒಡೆಸ್ತೀಯ ಮಾರಾಯ್ತಿ?’ ಎಂದು ಕೇಳಿದಳು. ಆ ಚರ್ಚೆ ಅರ್ಧ ಗಂಟೆ ನಡೆಯಿತು. ಕೊನೆಗೆ ಪುಸ್ತಕಕ್ಕೆ ಬಂದೆವು. ಆ ಸಲದ್ದು ಹೆಂಡತಿಯೇ ಆರಿಸಿದ ಕಾದಂಬರಿ. ಗಂಡ ಬೇಡವೆಂದು ಎತ್ತಿಟ್ಟಿದ್ದನ್ನು ಅವಳು ಓದಿ ಮುಗಿಸಿದ್ದಳಂತೆ. ಅವಳು ಮೊದಲ ವಾಕ್ಯ ಹೇಳುವಷ್ಟರಲ್ಲೇ ರೈಟರು, ‘ಅಲ್ಲ, ಅದು ಹಾಗಲ್ಲ’ ಎಂದು ಬಾಯಿ ಹಾಕಿದ.

‘ನೀನು ಸುಮ್ನಿರಯ್ಯ’ ಎಂದರು ಸಾಹುಕಾರರು. ‘ಅವ್ರು ಹೇಳ್ಲಿ.’

ಅವಳು ಸೆರಗಿನಲ್ಲಿ ಕೈ ಒರೆಸಿಕೊಂಡು, ಪುಸ್ತಕದಲ್ಲಿ ಗುರುತಿಗೆ ಇಟ್ಟಿದ್ದ ಬಸ್ ಟಿಕೆಟ್ಟನ್ನು ತೆಗೆದು, ಹೇಳತೊಡಗಿದಳು. ಬಣಕಲ್ಲಿಗೆ ಹೋಗಬೇಕಾದ ನರ್ಸ್ ಎರಡು ಸಲ ಗಡಿಯಾರ ನೋಡಿದಳು, ಆದರೆ ಏಳಲಿಲ್ಲ. ಕೊನೆಗೆ ಐದೂವರೆ ಬಸ್ಸು ತಪ್ಪಿತು. ಸಾಹುಕಾರರ ಡ್ರೈವರ್ ಜೀಪಿನಲ್ಲಿ ಅವಳನ್ನು ಬಣಕಲ್ಲಿನಲ್ಲಿ ಇಳಿಸಿ, ಅಕ್ಕನನ್ನೂ ನನ್ನನ್ನೂ ಮೂಡಿಗೆರೆಗೆ ತಂದು ಬಿಟ್ಟ.